ಸೆನ್ಯೊರೀತ ಒಪ್ಪಿದ ಮುಖ

ಎಲ್ಲಕ್ಕೂ ಕಾರಣ ಒಂದು ಹಲ್ಲು. ಶನಿವಾರ ಬೆಳಿಗ್ಗೆ ಗಾಸ್ಪರ್ ಇಶ್ಕೊಯ್ ಎದ್ದಾಗ ಅವನ ಎಡಗೆನ್ನೆ ಹಬೆಯಲ್ಲಿ ಬೆಂದ ತಮಾಲೆ ಕಡುಬಿನ ಹಾಗೆ ಉಬ್ಬಿತ್ತು. ನೋವೇನೂ ಅಷ್ಟಿರಲಿಲ್ಲ. ನ್ಯೂ ಬೆಡ್‌ಫರ್ಡಿನ ಮೀನಿನ ಕಾರ್ಖಾನೆಯಲ್ಲಿ ದಿನವಿಡೀ ಮಂಜುಗಡ್ಡೆಯ ನಡುವೆ ನಿಲ್ಲುವವನಿಗೆ ಹಲ್ಲುನೋವು ಯಾವ ಲೆಕ್ಕ? ಆದರೆ ಅವನ ಮಣಿಕಟ್ಟಿನಲ್ಲಿ ಸೆನ್ಯೊರೀತ ಇದ್ದಳಲ್ಲ, ಅವಳಿಗೆ ಈ ಕೆನ್ನೆ ಹಿಡಿಸಲಿಲ್ಲ.

ಸೆನ್ಯೊರೀತ ಎಂದರೆ ಸರ್ಕಾರದ ಕೈಗಡಿಯಾರ. ವಲಸೆ ಇಲಾಖೆಯವರು ಬೇಸಿಗೆಯಲ್ಲಿ ಅವನ ಕೈಗೆ ಬಿಗಿದು ಕಳಿಸಿದ್ದು. ಬಿಚ್ಚಲು ಬರುವುದಿಲ್ಲ, ಸ್ನಾನಕ್ಕೂ ಜೊತೆಗೇ ಬರುತ್ತಾಳೆ. ಮನಸ್ಸು ಬಂದಾಗ ಗುರ್ರೆಂದು ನಡುಗಿ, ಸ್ಪ್ಯಾನಿಷಿನಲ್ಲಿ ಇಂಪಾಗಿ, "ಗಾಸ್ಪರ್ ಇಶ್ಕೊಯ್, ದಯವಿಟ್ಟು ನಿಮ್ಮ ಮುಖ ತೋರಿಸಿ" ಎನ್ನುತ್ತಾಳೆ. ಕೂಡಲೇ ಕೈಯೆತ್ತಿ ಅವಳ ಪುಟ್ಟ ಕಣ್ಣಿಗೆ ಮುಖ ಹಿಡಿಯಬೇಕು. ಮುಖ ಹೊಂದಿದರೆ ಧನ್ಯವಾದ ಹೇಳಿ ಸುಮ್ಮನಾಗುತ್ತಾಳೆ. ಒಂದೇ ದಿನ ಸತತವಾಗಿ ಮೂರು ಸಲ ಹೊಂದದಿದ್ದರೆ ಮನೆ ಮುಂದೆ ವ್ಯಾನು ಬರುತ್ತದೆ, ವ್ಯಾನಿನ ಹಿಂದೆಯೇ ಗ್ವಾಟೆಮಾಲದ ವಿಮಾನ. ಕೋರ್ಟಿನಲ್ಲಿ ಅವನ ಕೇಸು ಬರುವುದು ವಸಂತಕ್ಕೆ. ಅಲ್ಲಿಯವರೆಗೆ ಹೆಂಡತಿ ಮನುವೇಲ, ಹಾಲು ಕುಡಿಯುವ ಮಗು, ಈ ಮರದ ಮನೆಯ ನಡು ಅಂತಸ್ತು, ಎಲ್ಲವೂ ಸೆನ್ಯೊರೀತಳ ಕೃಪೆಯಲ್ಲೇ ಇದ್ದವು.

"ಮುಖ ಹೊಂದುತ್ತಿಲ್ಲ. ಇದು ಮೊದಲನೆಯ ಸಲ" ಎಂದಳು ಸೆನ್ಯೊರೀತ.

ಮನುವೇಲ ಒಲೆಯ ಹತ್ತಿರದಿಂದಲೇ ಕೇಳಿದಳು: "ಏನಂತೆ ನಿಮ್ಮ ಯಜಮಾನ್ತೀದು?"

"ಮುಖ ಹೊಂದ್ತಿಲ್ವಂತೆ."

"ನನಗೇ ಹೊಂದತ್ತೆ, ಅವಳ್ಯಾರು ಬೇಡ ಅನ್ನೋಕೆ?"

ಇಷ್ಟು ಹೊತ್ತಿಗೆ ಕೆಳಮನೆಯ ದೊನ್ಯಾ ಎವ್ಲಾಲಿಯ ಮೆಟ್ಟಿಲು ಹತ್ತಿ ಬಂದಾಗಿತ್ತು. ತಮಾಲೆ ಮಾರುವ ಈ ಹೆಂಗಸಿನ ಕಿವಿಗೆ ಮೂರು ಅಂತಸ್ತೂ ಒಂದೇ. ಸೆನ್ಯೊರೀತ ಬಂದಂದಿನಿಂದ ಆಕೆಗೆ ಅವಳದ್ದೇ ಧ್ಯಾನ. ಅವಳಿಗೆ ಕತ್ತಲಲ್ಲಿ ಕಾಣುತ್ತದೆಯೇ, ಮೀನಿನ ವಾಸನೆ ತಿಳಿಯುತ್ತದೆಯೇ, ಗಂಡ ಹೆಂಡತಿ ಮಾತಾಡಿದ್ದನ್ನು ಯಾರಿಗಾದರೂ ಹೇಳುತ್ತಾಳೆಯೇ ಎಂದು ಕೇಳಿ ಕೇಳಿ ಗಾಸ್ಪರನ ಜೀವ ಹಿಂಡಿದ್ದಳು. ಈಗ ಕೆನ್ನೆಯನ್ನೂ ಗಡಿಯಾರವನ್ನೂ ಹತ್ತಿರದಿಂದ ಪರೀಕ್ಷಿಸಿ ತೀರ್ಪು ಕೊಟ್ಟಳು.

"ಒಂದೇ ಕಡೆ ಊದಿದೆ ಅಂತ ತಾನೇ ಅವಳ ತಕರಾರು? ಇನ್ನೊಂದು ಕಡೇನೂ ಊದಿಸಿಬಿಡು. ಆಗ ಏನೋ ಸ್ವಲ್ಪ ದಪ್ಪ ಆಗಿದಾನೆ ಅನ್ಕೋತಾಳೆ. ಮದುವೆಯಾದ ಗಂಡಸ್ರು ದಪ್ಪ ಆಗೋದು ಸರ್ಕಾರಕ್ಕೆ ಗೊತ್ತಿಲ್ವಾ?"

ಬೇಡ ಬೇಡವೆಂದರೂ ಬಲಗೆನ್ನೆಯೊಳಗೆ ಹತ್ತಿ ತುರುಕಿದಳು. ಮಧ್ಯಾಹ್ನ ಸೆನ್ಯೊರೀತ ಮತ್ತೆ ಕರೆದಾಗ ಗಾಸ್ಪರ್ ಕಪ್ಪೆಯಂತೆ ಮುಖ ಮಾಡಿಕೊಂಡು ಕೈಯೆತ್ತಿದ.

"ಮುಖ ಹೊಂದುತ್ತಿಲ್ಲ. ಇದು ಎರಡನೆಯ ಸಲ. ಇನ್ನೊಂದೇ ಅವಕಾಶವಿದೆ."

ಹತ್ತಿಯನ್ನು ಉಗುಳಿ ಗಾಸ್ಪರ್ ತಲೆಯ ಮೇಲೆ ಕೈ ಹೊತ್ತು ಕೂತ. ದೊನ್ಯಾ ಎವ್ಲಾಲಿಯ ದನಿ ತಗ್ಗಿಸಿದಳು. "ನೋಡಪ್ಪ, ಸಂಜೆ ಚರ್ಚಿನಲ್ಲಿ ಕೊನ್ವಿತೆ ಕುಣಿತ ಇದೆ. ಮುಖವಾಡದ ಒಳಗೆ ಯಾರ್ಯಾರು ಇರ್ತಾರೋ ನಂಗೊತ್ತಿಲ್ಲ. ಆದ್ರೆ ಯಾರೋ ಒಬ್ರಿಗೆ ಕೆನ್ನೆ ಊದಿದ್ರೆ, ಆ ಯಾರೋ ಒಬ್ರು ಇವತ್ತು ಮನೇಲಿ ಬಿದ್ಕೊಂಡಿರೋದು ವಾಸಿ."

"ಯಾರೋ ಒಬ್ರು ಹರಕೆ ಹೊತ್ತಿದಾರೆ, ದೊನ್ಯಾ ಎವ್ಲಾಲಿಯ" ಎಂದ ಗಾಸ್ಪರ್, ನೆಲ ನೋಡುತ್ತ.

"ಅವ್ರ ಹೆಂಡ್ತಿ ಏನಂತಾಳಂತೆ?"

ಮನುವೇಲ ಕೆಂಪು ಮಖಮಲ್ಲಿನ ನಿಲುವಂಗಿಗೆ ಇಸ್ತ್ರಿ ಹಾಕುತ್ತಿದ್ದಳು. "ನನಗೇನು ಗೊತ್ತು? ಇದೂ ಯಾರೋ ಒಬ್ರದ್ದು, ಇಸ್ತ್ರಿಗೆ ಕೊಟ್ಟಿದಾರೆ."

ನಮ್ಮಲ್ಲಿ ಹಾಗೆಯೇ. ಕುಣಿಯುವವನು ಯಾರೆಂದು ಇಡೀ ಊರಿಗೆ ಗೊತ್ತಿರುತ್ತದೆ, ಆದರೆ ಯಾರ ಬಾಯಲ್ಲೂ ಬರಕೂಡದು. ಮನುವೇಲ ಗಡಿ ದಾಟಿ ಜೀವಸಹಿತ ಬಂದರೆ ನಾಲ್ಕು ವರ್ಷ ಮುಖ ಮುಚ್ಚಿ ಕುಣಿಯುತ್ತೇನೆಂದು ಗಾಸ್ಪರ್ ನಮ್ಮ ಸಂತ ಸಾಂತೊ ತೊಮಾಸನಿಗೆ ಹರಕೆ ಹೊತ್ತಿದ್ದ. ಅವಳು ಬಂದಳು, ಅವನು ಕುಣಿದ. ಇದು ಕೊನೆಯ ವರ್ಷ. ಇವತ್ತು ಕುಣಿತ ಮುಗಿದ ಮೇಲೆ ಎಲ್ಲರೆದುರು ಮುಖವಾಡ ತೆಗೆದು ತಲೆಯೆತ್ತಿ ನಿಲ್ಲಬೇಕು. ಅದಕ್ಕೂ ಮೊದಲು ತೆಗೆದರೆ ನಾಲ್ಕು ವರ್ಷದ ಕುಣಿತ ನೀರಿಗೆ ಬಿದ್ದಂತೆ. ಹೋಗದೆ ಇರುವುದು ಅವನಿಂದ ಆಗುವ ಮಾತಾಗಿರಲಿಲ್ಲ.

ಚರ್ಚಿನ ನೆಲಮಾಳಿಗೆಯಲ್ಲಿ ಮರಿಂಬ ವಾದ್ಯ ಶುರುವಾಗಿತ್ತು. ಮೇಳದ ಹಿರಿಯ ದೋನ್ ವೆಂತೂರ ಲುಶ್ ತಮ್ಮ ಮುಖವಾಡಗಳನ್ನು ಮಕ್ಕಳನ್ನು ಎತ್ತಿಕೊಟ್ಟ ಹಾಗೆ ಒಂದೊಂದಾಗಿ ಹಂಚಿದರು. ಗಾಸ್ಪರನಿಗೆ ಬಂದದ್ದು ಸ್ಪೇನಿನ ಸೇನಾಪತಿ: ಗುಲಾಬಿ ಕೆನ್ನೆ, ಹೊಂಬಣ್ಣದ ಮೀಸೆ, ನೀಲಿ ಗಾಜಿನ ಕಣ್ಣು. "ಹುಷಾರು, ಮುಗಿದ ತಕ್ಷಣ ವಾಪಸ್ ಕೊಡ್ಬೇಕು. ನಾಳೆ ಟ್ರೆಂಟನ್ ಊರಲ್ಲೂ ಕುಣಿತ ಇದೆ, ಅವ್ರಿಗೆ ಒಪ್ಪಿಸ್ಬೇಕು, ರಾತ್ರಿನೇ ಬಸ್ಸು" ಎಂದರು. ಗಾಸ್ಪರ್ ಬಿಳಿಯ ಕೈಗವಸನ್ನು ಎಳೆದು ಸೆನ್ಯೊರೀತಳನ್ನು ಮುಚ್ಚಿದ.

ಕುಣಿತ ಕಳೆಗಟ್ಟಿತು. ಹಲ್ಲು, ವ್ಯಾನು, ಕೋರ್ಟು ಎಲ್ಲ ಮರೆತು ಗಾಸ್ಪರ್ ಗಿರಗಿರನೆ ತಿರುಗುತ್ತಿದ್ದ. ಮರಿಂಬದವರು ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ನಿಲ್ಲಿಸಿದರು ನೋಡಿ, ಸರಿಯಾಗಿ ಆಗಲೇ ಕೈಗವಸಿನೊಳಗಿಂದ ಇಂಪಾದ ದನಿ ಎದ್ದಿತು.

"ಗಾಸ್ಪರ್ ಇಶ್ಕೊಯ್, ದಯವಿಟ್ಟು ನಿಮ್ಮ ಮುಖ ತೋರಿಸಿ."

ನಾಲ್ಕು ವರ್ಷ ಯಾರೂ ಆಡದ ಹೆಸರನ್ನು ತುಂಬಿದ ಸಭೆಯಲ್ಲಿ ಸರ್ಕಾರ ಆಡಿಬಿಟ್ಟಿತ್ತು. ಸಭೆಗೆ ಸಭೆಯೇ ಕೆಮ್ಮಿತು. ಕೆಲವರು ಮೇಲ್ಛಾವಣಿ ನೋಡಿದರು. ದೊನ್ಯಾ ಎವ್ಲಾಲಿಯ ಎದ್ದು ನಿಂತು ಕೂಗಿದಳು: "ಗಾಸ್ಪರ್ ಇಲ್ಲಿಲ್ಲಮ್ಮಾ! ಹಲ್ಲುನೋವು ಅಂತ ಮನೇಲಿ ಮಲಗಿದಾನೆ!"

ಸೆನ್ಯೊರೀತ ಕೇಳಲಿಲ್ಲ. ಮತ್ತೆ ಕರೆದಳು. ಗಾಸ್ಪರ್ ಪರದೆಯ ಹಿಂದಕ್ಕೆ ಓಡಿದ. ದೋನ್ ವೆಂತೂರ ಬೆನ್ನಿಗೇ ಬಂದರು.

"ಮುಖವಾಡ ಮುಟ್ಟಬೇಡ!"

"ದೋನ್ ವೆಂತೂರ, ತೆಗೀದಿದ್ರೆ ವ್ಯಾನ್ ಬರತ್ತೆ!"

"ಬರ್ಲಿ, ಗಾಲಿಗೆ ಅಡ್ಡ ನಾನು ಮಲಗ್ತೀನಿ. ಸಾಂತೊ ತೊಮಾಸ್‌ಗೆ ಕೊಟ್ಟ ಮಾತು, ಅಷ್ಟೇ."

"ತೆಗೆದ್ರೂ ಹೊಂದಲ್ಲ ಬಿಡಿ, ಈ ಕೆನ್ನೇಲಿ" ಎಂದು ಗಾಸ್ಪರ್ ಅಳುವ ದನಿಯಲ್ಲಿ ಹೇಳಿ ಕೈಗವಸು ಕಿತ್ತ. ಬೇಡಿಕೊಳ್ಳೋಣವೆಂದು ಗಡಿಯಾರವನ್ನು ಮುಖದ ಹತ್ತಿರ ತಂದ. "ತಾಯೀ, ಅರ್ಧ ಗಂಟೆ ತಡ್ಕೋ, ನಿನ್ನ ಕಾಲಿಗೆ ಬೀಳ್ತೀನಿ."

ಸೆನ್ಯೊರೀತ ಒಮ್ಮೆ ಮಿನುಗಿದಳು. ನೀಲಿ ಗಾಜಿನ ಕಣ್ಣು ಅವಳನ್ನು ನೋಡಿತು, ಅವಳೂ ನೋಡಿದಳು.

"ಧನ್ಯವಾದಗಳು, ಗಾಸ್ಪರ್. ಮುಖ ಹೊಂದಿದೆ. ಈ ಚಿತ್ರ ಬಹಳ ಸ್ಪಷ್ಟವಾಗಿದೆ. ಹಳೆಯದನ್ನು ಅಳಿಸಿ ಇದನ್ನೇ ಇಟ್ಟುಕೊಳ್ಳುತ್ತೇನೆ."

ದೋನ್ ವೆಂತೂರ ಮೆಲ್ಲಗೆ ಶಿಲುಬೆ ಗುರುತು ಮಾಡಿಕೊಂಡು, "ಸಂತ ಕೈಬಿಡಲಿಲ್ಲ ಕಣೋ" ಎಂದರು. ಗಾಸ್ಪರ್ ಸಭೆಗೆ ಮರಳಿ ಕುಣಿದ ಕುಣಿತವನ್ನು ಊರವರು ಇಂದಿಗೂ ನೆನೆಯುತ್ತಾರೆ.

ಕೊನೆಗೆ ಆ ಗಳಿಗೆ ಬಂತು. ಒಬ್ಬೊಬ್ಬರೇ ಮುಂದೆ ಬಂದು ಮುಖವಾಡ ತೆಗೆದರು. ಗಾಸ್ಪರ್ ತೆಗೆದಾಗ ಬೆವರಿದ, ಊದಿದ, ನಗುವ ಮುಖ ಕಂಡು ಎಲ್ಲರೂ "ಅರೇ, ಗಾಸ್ಪರ್! ಗೊತ್ತೇ ಆಗ್ಲಿಲ್ವಲ್ಲೋ!" ಎಂದು ಚಪ್ಪಾಳೆ ತಟ್ಟಿದರು. ಮನುವೇಲ ನಿಜವಾಗಿ ಅತ್ತಳು. ಅವನಿಗೂ ಕಣ್ಣು ತುಂಬಿತು.

ಮಣಿಕಟ್ಟು ಗುರ್ರೆಂದಿತು. ಈಗೇನು ಭಯ ಎಂದುಕೊಂಡು ಗಾಸ್ಪರ್ ಹೆಮ್ಮೆಯಿಂದಲೇ ಕೈಯೆತ್ತಿದ.

"ಮುಖ ಹೊಂದುತ್ತಿಲ್ಲ. ಇದು ಮೊದಲನೆಯ ಸಲ."

ಅವನು ಬೆವರು ಒರೆಸಿಕೊಂಡು ದೀಪದ ಕೆಳಗೆ ಹೋಗಿ ನಿಂತ.

"ಮುಖ ಹೊಂದುತ್ತಿಲ್ಲ. ಇದು ಎರಡನೆಯ ಸಲ. ಇನ್ನೊಂದೇ ಅವಕಾಶವಿದೆ."

"ಹಾಕ್ಕೊಳೋ! ಅದನ್ನೇ ಹಾಕ್ಕೊ!" ಎಂದು ಮನುವೇಲ ಕಿರುಚಿದಳು. ಗಾಸ್ಪರ್ ಸೇನಾಪತಿಯನ್ನು ಮುಖಕ್ಕೆ ಒತ್ತಿಕೊಂಡ.

"ಧನ್ಯವಾದಗಳು, ಗಾಸ್ಪರ್."

ದೋನ್ ವೆಂತೂರ ಉಳಿದ ಮುಖವಾಡಗಳನ್ನು ಚೀಲಕ್ಕೆ ತುಂಬಿ ಅವನೆದುರು ಬಂದು ನಿಂತರು. ಚೀಲದ ಬಾಯಿ ತೆರೆದೇ ಇತ್ತು. "ಕೊಡಪ್ಪಾ" ಎಂದರು, ಅವರಿಗೇ ಕೇಳಿಸದಷ್ಟು ಮೆಲ್ಲಗೆ. "ಬಸ್ಸಿಗೆ ಹೊತ್ತಾಯ್ತು." ಗಾಸ್ಪರ್ ಗುಲಾಬಿ ಕೆನ್ನೆಗಳನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಹಿಂದೆ ಸರಿದ.

ಅಷ್ಟರಲ್ಲಿ ಹರಸಲೆಂದು ಪಾದ್ರಿಗಳು ಮೇಲಿನಿಂದ ಇಳಿದು ಬಂದರು. "ಎಲ್ರೂ ಮುಖ ತೋರಿಸಿಯಾಯ್ತಾ? ಅಲ್ಲೊಬ್ರು ಇನ್ನೂ ತೆಗ್ದೇ ಇಲ್ವಲ್ಲ, ಯಾರದು?"

ದೊನ್ಯಾ ಎವ್ಲಾಲಿಯ ಆ ನೀಲಿ ಕಣ್ಣುಗಳನ್ನೊಮ್ಮೆ ನೋಡಿ ಹೇಳಿದಳು:

"ನಮಗೆ ಗೊತ್ತಿಲ್ಲ, ಫಾದರ್. ಸರ್ಕಾರಕ್ಕೆ ಗೊತ್ತಿರೋ ಯಾರೋ ಒಬ್ರು."