ಕೊಪ್ಪರಿಗೆಯ ಚೀಟಿಗೆ ಬಾಲವಾದವರಿಗೆ

ಸ್ಪ್ಯಾನಿಷ್ ಕ್ರಿಯಾಪದಗಳ ಬಾಲದಲ್ಲಿ ಸುಖವಾಗಿ ವಾಸವಾಗಿರುವ ಮಾನ್ಯ ‘ಮೆ’ ಹಾಗೂ ಮಾನ್ಯ ‘ಲೊ’ ಅವರಿಗೆ, ಮಿಚೊಅಕಾನ್ ಸೀಮೆಯ ಕ್ರೆಸೆನ್ಸಿಯಾ ಅಜ್ಜಿಯು ಮೊಣಕಾಲು ನೋವಿನ ನಿಮಿತ್ತ ಕುಳಿತಲ್ಲಿಂದಲೇ ಮಾಡುವ ನಮಸ್ಕಾರಗಳು.

ಮಾನ್ಯರೇ, ‘ನನಗೆ’ ಎನ್ನಲು ಒಬ್ಬರು, ‘ಅದನ್ನು’ ಎನ್ನಲು ಇನ್ನೊಬ್ಬರು. ಜೋಳದ ಕಾಳಿನಷ್ಟು ಪುಟ್ಟ ಪದಗಳಾದ ತಾವು ಸಾಮಾನ್ಯವಾಗಿ ಕ್ರಿಯಾಪದದ ಮುಂದೆ ಮದುಮಗನಂತೆ ನಡೆಯುತ್ತೀರಿ, ಆದರೆ ‘ಕೊಡುವುದು’, ‘ಹಿಂದಿರುಗಿಸುವುದು’ ಎಂಬಂಥ ರೂಪ ಕಂಡೊಡನೆ ಹಿಂದಕ್ಕೋಡಿ ಸಂದಿಲ್ಲದಂತೆ ಅಂಟಿಕೊಳ್ಳುತ್ತೀರಿ. ಎಂಥ ಅಂಟು! ಬಿಡುವಾದಾಗ ನನ್ನ ಚಪ್ಪಲಿಯ ಅಟ್ಟೆಗೂ, ಅಲ್ಲಾಡುವ ಎರಡು ಹಲ್ಲಿಗೂ ಹಾಗೆಯೇ ಅಂಟಿಕೊಳ್ಳಬೇಕೆಂದು ಪ್ರಾರ್ಥನೆ.

ದೂರು ಇಷ್ಟೇ. ನನ್ನ ಮಗಳ ಧರ್ಮತಾಯಿಯೂ ನೆರೆಯವಳೂ ಆದ ಎದುವಿಹೆಸ್ ನನ್ನ ತಾಮ್ರದ ಕೊಪ್ಪರಿಗೆಯನ್ನು ಮಳೆಗಾಲದಲ್ಲಿ ಒಯ್ದವಳು ತಂದಿರಲಿಲ್ಲ. ಭಾನುವಾರ ಮರಿಮಗಳ ದೀಕ್ಷಾಸ್ನಾನ; ಆ ಕೊಪ್ಪರಿಗೆಯಿಲ್ಲದೆ ಹಂದಿಮಾಂಸ ಬೇಯದು, ಹಂದಿಮಾಂಸವಿಲ್ಲದ ದೀಕ್ಷಾಸ್ನಾನಕ್ಕೆ ಪಾದ್ರಿಗಳೂ ಮನಸ್ಸಿಟ್ಟು ಬರುವವರಲ್ಲ. ಗೋಡೆಯಾಚೆ ಒಂದು ಮಾತು ಕೂಗಿದ್ದರೆ ಸಾಕಿತ್ತು. ಆದರೆ ಎಪ್ಪತ್ಮೂರನೆಯ ವಯಸ್ಸಿನಲ್ಲಿ ಅಕ್ಷರ ಕಲಿತವಳ ಕೈ ಸುಮ್ಮನಿರುತ್ತದೆಯೇ? ‘ದಯವಿಟ್ಟು ಅದನ್ನು ನನಗೆ ಹಿಂದಿರುಗಿಸುವುದು’ ಎಂದು ಚೀಟಿ ಬರೆದು, ತಮಗೆ ಗೌರವದಿಂದ ಬೇರೆಬೇರೆ ಜಾಗ ಕೊಟ್ಟು, ಅವಳ ಗೇಟಿಗೆ ಮೊಳೆ ಹೊಡೆದೆ.

ಆಗ ಆ ದಾರಿಯಲ್ಲೇ ಬಂದ ನನಗೆ ಅಕ್ಷರ ಕಲಿಸುವ ಯಾದೀರಾ ಟೀಚರು, “ಅಜ್ಜೀ, ಇವ್ರನ್ನ ಬಿಡಿಬಿಡಿಯಾಗಿ ನಿಲ್ಲಿಸ್ಬಾರ್ದು, ಬಾಲಕ್ಕೇ ಅಂಟಿಸ್ಬೇಕು ಅಂತ ಎಷ್ಟ್ ಸಲ ಹೇಳ್ಲಿ?” ಎಂದು ಗೇಟಿನ ಮೇಲೆಯೇ ಕೆಂಪು ಪೆನ್ಸಿಲಿನಿಂದ ‘ದೆವೊಲ್ವೆರ್‌ಮೆಲೊ’ ಎಂದು ಒಂದೇ ಪದವಾಗಿ ತಮ್ಮನ್ನು ಕಟ್ಟಿಹಾಕಿದರು, ರೊಟ್ಟಿ ಮಾರುವವಳು “ಕ್ರೆಸೆನ್ಸಿಯಾ ಫೇಲು!” ಎಂದು ಬೀದಿಗೆಲ್ಲ ಸಾರಿದಳು, ಸದ್ದಿಗೆ ಹೊರಬಂದ ಎದುವಿಹೆಸ್ ಸೊಂಟಕ್ಕೆ ಕೈಯಿಟ್ಟು, “ಬರೆಯೋಕ್ ಬಂದ್ಮೇಲೆ ಬಾಯಿ ಬಿದ್ದೋಯ್ತೇನೇ ನಿಂಗೆ? ಬರೀ ಕೊಪ್ಪರಿಗೆ ತಂದ್ಕೊಡೋಕೆ ನಾನೇನ್ ಹೊರಗಿನವಳಾ? ಸೀಬೆ ಹಣ್ಣಾಗೋದ್ ಬೇಡ್ವಾ?” ಎಂದಳು.

ಮಾನ್ಯರೇ, ನನ್ನ ಮುಖ ಆ ಪೆನ್ಸಿಲಿಗಿಂತ ಕೆಂಪಾಯಿತು. ಎರವಲು ತಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಹೆಂಗಸು ನಮ್ಮೂರಲ್ಲಿ ಹುಟ್ಟಿಲ್ಲ. ಅವಳು ಹಣ್ಣಿಗೆ ಕಾಯುತ್ತಿದ್ದಳು, ನಾನು ಅವಳ ಮರ್ಯಾದೆಗೆ ಮೊಳೆ ಹೊಡೆದೆ. ಆಮೇಲಿನ ಎರಡು ದಿನ ನನಗೆ ಕೊಪ್ಪರಿಗೆಯ ಚಿಂತೆಯೂ ಉಳಿಯಲಿಲ್ಲ, ಅವಳ ಮುನಿಸಿನದೇ ಚಿಂತೆ.

ಶನಿವಾರ ಬೆಳಿಗ್ಗೆ ಅವಳೂ ಅವಳ ಸೊಸೆಯೂ ಕೊಪ್ಪರಿಗೆಯನ್ನು ಹೊತ್ತು ತಂದರು. ಒಳಗೆ ಬಿಸಿ ಬಿಸಿ ಸೀಬೆಹಣ್ಣಿನ ಗಟ್ಟಿಪಾಕ, ಮೇಲೆ ಮುಚ್ಚಳದಂತೆ ನನ್ನದೇ ಚೀಟಿ. “ತಗೋ, ನಿನ್ ಬಾಲಗಳೂ ಜೊತೆಗೇ ಇದಾವೆ,” ಎಂದಳು. ಇಬ್ಬರೂ ಅಳುವಷ್ಟು ನಕ್ಕೆವು. ಟೀಚರು ವರ್ಷವಿಡೀ ಹೇಳಿದರೂ ತಲೆಗೆ ಹತ್ತದ್ದು ಸೌಟು ನೆಕ್ಕುವಾಗ ಹತ್ತಿತು: ನಮ್ಮ ಭಾಷೆಯೂ ನಮ್ಮೂರ ಹೆಂಗಸೇ, ಕ್ರಿಯಾಪದವನ್ನು ಬರಿದಾಗಿ ಮನೆಗೆ ಕಳಿಸುವುದಿಲ್ಲ. ಆದ್ದರಿಂದ ದೂರು ವಾಪಸು; ತಾವು ಕುಳಿತಲ್ಲೇ ಕುಳಿತಿರಿ.

ಸೋತರೂ ಹೊಟ್ಟೆ ತುಂಬಿದ ತಮ್ಮ ವಿಶ್ವಾಸಿ,
ಕ್ರೆಸೆನ್ಸಿಯಾ

ತಾ.ಕ.: ಟೀಚರ ಕೆಂಪು ಪೆನ್ಸಿಲು ಅಂದಿನಿಂದ ನನ್ನ ಬಳಿಯೇ ಇದೆ. ಖಂಡಿತ ಹಿಂದಿರುಗಿಸುತ್ತೇನೆ, ಆದರೆ ಬರಿಗೈಯಲ್ಲಿ ಹೇಗೆ? ಕಳೆದ ವಾರವಷ್ಟೇ ಒಂದು ಮಾವಿನ ಓಟೆ ನೆಟ್ಟಿದ್ದೇನೆ. ಅದು ಫಲ ಕೊಡುವವರೆಗೆ ದಯವಿಟ್ಟು ಕಾಯಬೇಕು.