ಎತ್ತಿನ ಜೋಡಿಯ ಬೆಲೆಯ ಸೈಲೆನ್ಸರ್

ಕಳೆದ ಕಾರಹುಣ್ಣಿಮೆಯ ದಿನ ಸಿಂದಗಿಯ ನಮ್ಮ ಕಾಕಾ ತನ್ನ ಕಾರಿಗೆ ಹೊಸ ಸೈಲೆನ್ಸರ್ ಹಾಕಿಸಿದ. ಊರೆಲ್ಲ ಎತ್ತುಗಳ ಕೋಡಿಗೆ ಬಣ್ಣ ಬಳಿಯುತ್ತಿದ್ದರೆ ಈ ಮಹಾಶಯ ಕಾರಿನ ಬಾಲಕ್ಕೆ ಒಡವೆ ತೊಡಿಸುತ್ತಿದ್ದ!

ಅದು ಪುಣೆಯಿಂದ ತಂದ ಸೆಕೆಂಡ್ ಹ್ಯಾಂಡ್ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು. ಹೊಟ್ಟೆ ನೆಲಕ್ಕೆ ಎಷ್ಟು ಹತ್ತಿರವೆಂದರೆ, ನಮ್ಮ ಓಣಿಯ ಹಂಪ್ ದಾಟಬೇಕಾದರೆ ಕೂತವರು ಇಳಿಯಬೇಕು. ಸೈಲೆನ್ಸರ್ ಮಾತ್ರ ಹೊಚ್ಚಹೊಸದು, ವಿದೇಶದ್ದು, ಟೈಟಾನಿಯಂ. ಆ ದುಡ್ಡಿಗೆ ಒಂದು ಜೋಡಿ ಕಿಲಾರಿ ಎತ್ತು ಬರುತ್ತಿದ್ದವು. ತೊಗರಿಯ ಪ್ರತಿ ಕಾಳನ್ನೂ ಅನುಮಾನಿಸಿ ಕೊಳ್ಳುವ ವ್ಯಾಪಾರಿ ಇಷ್ಟು ಕೊಟ್ಟು ಬರೀ ಸದ್ದನ್ನು ಕೊಂಡ ಎಂದರೆ ನಂಬುತ್ತೀರಾ?

ನಾನು ಪತ್ರಿಕೆಯ ವರದಿಗಾರ. ಎರಡೂ ಕಡೆಯವರನ್ನು ಕೇಳದೆ ಏನನ್ನೂ ನಂಬುವುದಿಲ್ಲ. ಎರಡೂ ಕಡೆಯವರು ನಮ್ಮ ಮನೆಯ ಒಂದೇ ಗೋಡೆಯ ಆಚೆ ಈಚೆ ಇದ್ದರು. ಆಚೆ ಕಾಕಾ, ಈಚೆ ಅವನ ಅಣ್ಣ, ಅಂದರೆ ನಮ್ಮಪ್ಪ. ಮನೆ ಪಾಲಾದಾಗ ಅಜ್ಜನ ಎತ್ತುಗಳ ಹಿತ್ತಾಳೆ ಗೆಜ್ಜೆಸರದ ಜೋಡಿ ಯಾರಿಗೆ ಎಂದು ಇಬ್ಬರೂ ಜಗಳಾಡಿದರು. ಕೊನೆಗೆ ಒಬ್ಬೊಬ್ಬರು ಒಂದೊಂದು ಸರ ತೆಗೆದುಕೊಂಡು ಮಾತು ಬಿಟ್ಟರು. ಎತ್ತು ಇಬ್ಬರ ಮನೆಯಲ್ಲೂ ಇಲ್ಲ. ಅಪ್ಪನ ಪಾಲಿನ ಒಂಟಿ ಸರ ಗೂಟಕ್ಕೆ ನೇತುಬಿದ್ದಿತ್ತು.

ಈಚೆ ಕಡೆಯ ಹೇಳಿಕೆ ದಿನಾ ಸಂಜೆ ತಾನಾಗಿ ಸಿಗುತ್ತಿತ್ತು. ಬಸ್ ನಿಲ್ದಾಣದ ತಿರುವಿನಲ್ಲಿ ಕಾರು ಗುಡುಗಿದರೆ ಸಾಕು, ಅಪ್ಪ, “ಬಂತ ನೋಡು ಸವಾರಿ! ಸುಡಗಾಡ ಸಪ್ಪಳ!” ಎಂದು ಬೈದು, ಬಾಗಿಲು ಹಾಕಿ, ಊಟಕ್ಕೆ ಕೂಡುತ್ತಿದ್ದ. ಇದನ್ನಾಧರಿಸಿ ನಾನು ‘ಕರ್ಕಶ ಸೈಲೆನ್ಸರ್: ಸಾರ್ವಜನಿಕರ ಆಕ್ರೋಶ’ ಎಂದು ಬರೆದೆ. ಸಾರ್ವಜನಿಕರು ಎಂದರೆ ಅಪ್ಪ.

ಸುದ್ದಿ ಅಚ್ಚಾದ ಬೆಳಗ್ಗೆ ಎದೆಯುಬ್ಬಿಸಿ ನನ್ನ ಬೈಕಿಗೆ ಕಿಕ್ ಹೊಡೆದೆ. ಓಣಿಯ ನಾಯಿಗಳೆಲ್ಲ ಎದ್ದು ಓಡಿದವು. ನನ್ನ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿದೆ. ಕಾಕಾ ಅಷ್ಟು ದುಡ್ಡು ಸುರಿದು ತಂದ ಸದ್ದು ನನಗೆ ಪುಕ್ಕಟೆ ಸಿಕ್ಕಿತ್ತು!

ಕಟ್ಟೆಯ ಮೇಲೆ ಕೂತಿದ್ದ ಕಾಕಾ ಕೇಳಿದ: “ಏನ್ರಿ ಸಾರ್ವಜನಿಕರೇ, ಎಲ್ಲಿಗೆ ಹೊಂಟಿರಿ? ಅದನ್ನ ಅಲ್ಲೇ ಒಗದು ಬಾ, ಕಾರಿನ್ಯಾಗ ಕುಂದ್ರು. ರೊಕ್ಕ ವಸೂಲಾಗೇತೋ ಇಲ್ಲೋ ನೀನ ನೋಡಿ ಬರಿಯಂತಿ.”

ಇಂಡಿಗೆ ಹೊರಟೆವು. ದಾರಿಯುದ್ದಕ್ಕೂ ಮುಂದೆ ಕಬ್ಬಿನ ಟ್ರ್ಯಾಕ್ಟರ್. ಅದರ ಧ್ವನಿವರ್ಧಕದ ಹಾಡಿನ ಅಬ್ಬರದಲ್ಲಿ ನಮ್ಮ ಟೈಟಾನಿಯಂ ಗರ್ಜನೆ ನಮಗೇ ಕೇಳಲಿಲ್ಲ. ಮುಂದೊಂದು ದಿನ ಬಸವನ ಬಾಗೇವಾಡಿಗೆ ಹೋದೆವು. ಬೀಗರ ಮನೆಯ ಮುಂದೆ ಕಾಕಾ ಕಾರು ಚಾಲೂ ಮಾಡಿದ್ದೇ ತಡ, ಎದುರು ಮನೆಯ ಅಜ್ಜಿ ಜೋಳದ ಬುಟ್ಟಿ ಹೊತ್ತು ಬಂದಳು.

“ಹೊಸಾ ಗಿರಣಿ ಏನಪಾ? ಹಿಟ್ಟ ಸಣ್ಣಗ ಬೀಸ್ತೈತೇನು?”

ಮರಳುವಾಗ ನಾನು ವರದಿಗಾರನ ಗಾಂಭೀರ್ಯದಿಂದ ಕೇಳಿದೆ: “ಕಾಕಾ, ಖರೇ ಹೇಳು, ಇದನ್ನ ಹಾಕ್ಸಿದ ಮ್ಯಾಲ ಓಟ ಏನರ ಹೆಚ್ಚಾತೇನು?”

“ನಿಮ್ಮಜ್ಜ ಎತ್ತಿಗೆ ಗೆಜ್ಜಿಸರ ಕಟ್ಟಿದ್ದಲ್ಲ, ಎತ್ತು ಜಾಸ್ತಿ ಎಳದ್ವೇನು?”

“ಇಲ್ಲ.”

“ಮತ್ತ್ಯಾಕ ಕಟ್ಟಿದ?”

“ಚಂದ ಕಾಣ್ಲಿ ಅಂತ.”

“ಖೋಡಿ! ಹೊಲದಿಂದ ಬರಾಕತ್ತಾನ ಅಂತ ಮನ್ಯಾಗಿನವ್ರಿಗೆ ಗೊತ್ತಾಗ್ಲಿ ಅಂತ.”

“ಮನ್ಯಾಗಿನ ಕಕ್ಕಿಗೆ ಒಂದು ಫೋನ್ ಹಚ್ಚಿದ್ರ ಗೊತ್ತಾಗಂಗಿಲ್ಲೇನು?”

ಕಾಕಾ ಗೇರ್ ಬದಲಿಸಿದ. ಪ್ರತಿಕ್ರಿಯೆ ಲಭ್ಯವಾಗಲಿಲ್ಲ ಎಂದು ಬರೆದುಕೊಂಡೆ.

ಕಳೆದ ವಾರ ಮುದ್ದೇಬಿಹಾಳದಲ್ಲಿ ವಾಹನ ತಪಾಸಣೆ ನಡೆಯಿತು. ಪೊಲೀಸರು ನಿಯಮದಂತೆ ದಂಡ ಹಾಕಿ ಸೈಲೆನ್ಸರ್ ಬಿಚ್ಚಿಸಿದರು. ಕಾಕಾ ಅಲ್ಲೇ ಸಿಕ್ಕ ಹಳೆಯದೊಂದನ್ನು ಹಾಕಿಸಿಕೊಂಡು ಸದ್ದಿಲ್ಲದೆ ಊರು ಸೇರಿದ. ಗೆದ್ದೆ ಎಂದುಕೊಂಡು ನಾನು ಮನೆಗೆ ಬಂದೆ.

ಅಪ್ಪ ಬಾಗಿಲಲ್ಲೇ ನಿಂತಿದ್ದ. ಅಮ್ಮ ಊಟಕ್ಕೆ ಕರೆದು ಕರೆದು ಸಾಕಾಗಿದ್ದಳು. ರೊಟ್ಟಿ ಆರಿತ್ತು.

“ಇವತ್ತ ಸಪ್ಪಳನ ಇಲ್ಲಲ್ಲ?”

“ಚಲೋ ಆತಲ್ಲಪ್ಪಾ. ಪೊಲೀಸರು ತಗಸ್ಯಾರ.”

“ಅದಲ್ಲೋ ಮಾರಾಯಾ. ಅಂವ ಬಂದಾನೋ ಇಲ್ಲೋ?”

“ಆಗಳೇ ಬಂದು ಉಂಡು ಕುಂತಾನ.”

ಅಪ್ಪ ಗೋಡೆಯತ್ತ ನೋಡಿದ. “ಹಾದಿ ಚಲೋ ಇಲ್ಲ, ಲಾರಿ ಭಾಳ. ಬಂದದ್ದು ಗೊತ್ತಾಗಬೇಕೋ ಬ್ಯಾಡೋ?” ಎಂದವನೇ ಬಾಗಿಲು ಹಾಕಿ ಊಟಕ್ಕೆ ಕೂತ.

ನನ್ನ ಶೀರ್ಷಿಕೆಗೆ ತಿದ್ದುಪಡಿ ಅಗತ್ಯವಿತ್ತು.

ಬೆಳಗ್ಗೆ ಏಳುವಷ್ಟರಲ್ಲಿ ಅಪ್ಪ ಗೂಟದ ಮೇಲಿನ ಗೆಜ್ಜೆಸರ ಇಳಿಸಿ ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದ. ಫಳಫಳ ಹೊಳೆಯುವಂತಾದ ಮೇಲೆ ನನ್ನ ಕೈಗಿತ್ತ.

“ಅಂವಗ ಕೊಟ್ಟ ಬಾ. ಕಾರಿಗೆ ಕಟ್ಟಿಕೋ ಅನ್ನು. ನಾ ಕೊಟ್ಟೆ ಅಂತ ಹೇಳಬ್ಯಾಡ.”

ಕಾಕಾ ಸರವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. “ಯಾರು ಕೊಟ್ರು?”

“ಹೇಳಬ್ಯಾಡ ಅಂದಾರ.”

ಸದಾ ಗುಡುಗುವ ಮನುಷ್ಯ ಮೆಲ್ಲಗೆ ಎದ್ದು ಒಳಗೆ ಹೋದ. ತನ್ನ ಪಾಲಿನ ಸರವನ್ನೂ ತಂದ.

ಎರಡೂ ಗೆಜ್ಜೆಸರಗಳನ್ನು ಈಗ ಕಾರಿನ ಮುಂಭಾಗಕ್ಕೆ ಕಟ್ಟಲಾಗಿದೆ. ಬಸ್ ನಿಲ್ದಾಣದ ರಸ್ತೆಯ ಗುಂಡಿಗಳನ್ನು ಇನ್ನೂ ಮುಚ್ಚಿಲ್ಲ. ನಿನ್ನೆ ಸಂಜೆ ಗೆಜ್ಜೆಯ ಸದ್ದು ತಿರುವು ದಾಟಿ ಬಂದು ನಮ್ಮ ಬಾಗಿಲ ಮುಂದೆ ನಿಂತಿತು. ಅಮ್ಮ ಇನ್ನೆರಡು ರೊಟ್ಟಿ ಬಡಿದಳು.