ಕಡೆಯ ಆಟಕ್ಕೊಂದು ಹಲ್ಲು

ಹಲ್ಲುನೋವೆಂದು ಸುಳ್ಳು ಹೇಳುವವನು ಯಾವ ಹಲ್ಲೆಂದು ಮೊದಲೇ ಯೋಚಿಸಿಟ್ಟುಕೊಳ್ಳಬೇಕು. ರವಾನೆ ವಿಭಾಗದ ಗುಮಾಸ್ತ ಆ ಗೊಡವೆಗೇ ಹೋಗಲಿಲ್ಲ. ಅವನ ತಲೆತುಂಬ ಒಂದು ಸಿನಿಮಾ ಕೂತಿತ್ತು.

ಮೊದಲ ಸಲ ಆ ಚಿತ್ರವನ್ನು ಅವನು ಅರೆನಿದ್ದೆಯಲ್ಲಿ ನೋಡಿದ್ದ. ಪ್ರೀತಿಸಿದವರು ಬೇರೆಯಾಗುತ್ತಾರೆ, ಎಷ್ಟೋ ವರ್ಷದ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಿ ಚಳಿ-ಬಿಸಿಲಿನ ಮಾತಾಡಿ ಹೋಗುತ್ತಾರೆ. ಇದೂ ಒಂದು ಕತೆಯೇ ಎಂದು ಮೂಗು ಮುರಿದಿದ್ದ. ಎರಡನೆಯ ಸಲ ಮಳೆಗೆ ಹೆದರಿ ಒಳಹೊಕ್ಕಾಗ, ನಾಯಕಿ ಬೇಕೆಂದೇ ಬಸ್ಸು ತಪ್ಪಿಸಿಕೊಂಡಳೆಂಬುದು ಹೊಳೆಯಿತು. ಮೂರನೆಯ ಸಲ, ಅದು ನಾಯಕನಿಗೂ ಗೊತ್ತಿತ್ತೆಂಬುದು. ಆಮೇಲೆ ಚಿತ್ರ ಕಬ್ಬಿನಂತಾಯಿತು, ಅಗಿದಷ್ಟೂ ರಸ.

ಆ ದಿನ ಮಧ್ಯಾಹ್ನದ್ದೇ ಕಡೆಯ ಆಟ ಎಂದು ಥಿಯೇಟರಿನ ಮುಂದೆ ಬರೆದು ಹಾಕಿದ್ದರು. ಗುಮಾಸ್ತ ಕೆನ್ನೆ ಹಿಡಿದುಕೊಂಡು ಮ್ಯಾನೇಜರ ಮುಂದೆ ನಿಂತ.

“ಹಲ್ಲು ಸಾರ್, ಪ್ರಾಣ ಹೋಗ್ತಿದೆ. ಮನೆಗೆ ಹೋಗಿ ಮಲಗ್ತೀನಿ.”

ಮ್ಯಾನೇಜರು ಉತ್ತರಿಸುವ ಮೊದಲೇ, ಇಡೀ ಕಚೇರಿ ಅಕ್ಕ ಎನ್ನುತ್ತಿದ್ದ ಟೈಪಿಸ್ಟು ಎದ್ದು ಬಂದರು. “ಮಲಗಿದ್ರೆ ಹಲ್ಲುನೋವು ಹೋಗತ್ತೇನಪ್ಪಾ? ಎದುರುಗಡೇನೇ ಡಾಕ್ಟ್ರಿದ್ದಾರೆ. ನಡಿ, ನಾನೇ ಕರ್ಕೊಂಡು ಹೋಗ್ತೀನಿ.”

“ಬೇಡ ಅಕ್ಕ, ಈಗ ಕಮ್ಮಿ ಆದ ಹಾಗಿದೆ.”

“ಕಮ್ಮಿ ಆಗಿದ್ರೆ ಕೂತು ಕೆಲಸ ಮಾಡಿ” ಎಂದರು ಮ್ಯಾನೇಜರು.

ಗುಮಾಸ್ತನ ಕೈ ತಿರುಗಿ ಕೆನ್ನೆಗೆ ಹೋಯಿತು.

ದಂತವೈದ್ಯರ ಕುರ್ಚಿಯಲ್ಲಿ ಅವನು ಸಂತೆಗೆ ಎಳೆತಂದ ಕುರಿಯಂತೆ ಕೂತ. ವೈದ್ಯರು ಒಂದು ಕಣ್ಣನ್ನು ಗಡಿಯಾರದ ಮೇಲಿಟ್ಟೇ ಹಲ್ಲೊಂದನ್ನು ತಟ್ಟಿ, “ಇದಾ?” ಎಂದರು. ಅವನ ಕಣ್ಣೂ ಗಡಿಯಾರದ ಮೇಲೇ ಇತ್ತು.

“ಯಾವುದೋ ಒಂದು ಸಾರ್. ಮಾತ್ರೆ ಕೊಟ್ಬಿಡಿ, ಸಾಕು.”

“ಹೆದರ್ಕೋತಾನೆ ಡಾಕ್ಟ್ರೇ, ಕಿತ್ತುಬಿಡಿ” ಎಂದರು ಅಕ್ಕ. “ಇಲ್ದಿದ್ರೆ ನಾಳೆ ಮತ್ತೆ ರಜೆ ಕೇಳ್ತಾನೆ.”

ಸೂಜಿ ಬಂತು, ಇಕ್ಕಳ ಬಂತು, ಹಲ್ಲು ಹೋಯಿತು.

ಅಕ್ಕ ಕಚೇರಿಯ ಮೆಟ್ಟಿಲು ಹತ್ತಿದ್ದೇ ತಡ, ಗುಮಾಸ್ತ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಓಟ ಕಿತ್ತ. ಬೆರಳು ತೋರಿಸಿ ಟಿಕೆಟ್ ಪಡೆದು ಕತ್ತಲಲ್ಲಿ ತಡಕಾಡಿ ಕೂತ. ಹಿಂದೆಯೇ ಯಾರೋ ಏದುಸಿರು ಬಿಡುತ್ತ ಬಂದು, ಅವನ ಕಾಲು ತುಳಿದು ಪಕ್ಕದಲ್ಲಿ ಕೂತರು.

ಕೊನೆಗೆ ಬಸ್ ನಿಲ್ದಾಣ ಬಂತು. “ಈ ಸಲ ಚಳಿ ಜಾಸ್ತಿ ಅಲ್ವಾ” ಎಂದ ನಾಯಕ. ಅವಳು ಹೂಂಗುಟ್ಟಿ ಶಾಲನ್ನು ಬಿಗಿಯಾಗಿ ಹೊದ್ದಳು. ಅದು ಎಂದೋ ಅವನೇ ಕೊಟ್ಟ ಶಾಲೆಂಬುದು ಗುಮಾಸ್ತನ ಕಣ್ಣಿಗೆ ಬಿದ್ದದ್ದು ಇವತ್ತೇ. ಹಲ್ಲು ಹೋದರೂ ಬಂದದ್ದು ಸಾರ್ಥಕವಾಯಿತೆಂದು ಧಾರಾಳವಾಗಿ ಅತ್ತ. ಪಕ್ಕದವರೂ ಬಿಕ್ಕುತ್ತಿದ್ದರು. “ಆ ಶಾಲು ನೋಡಿದ್ರಾ” ಎಂದು ಕರವಸ್ತ್ರ ಚಾಚಿದರು.

ದೀಪ ಹತ್ತಿತು. ನೋಡಿದರೆ ದಂತವೈದ್ಯರು.

“ತಪ್ಪು ತಿಳ್ಕೋಬೇಡಿ” ಎಂದರು ಅವರು, ಕಣ್ಣೊರೆಸಿಕೊಳ್ಳುತ್ತ. “ನಾನು ಕಿತ್ತ ಹಲ್ಲು ಕಲ್ಲಿನ ಹಾಗಿತ್ತು. ಸರಿಯಾಗಿ ನೋಡ್ತಾ ಕೂತಿದ್ರೆ ಆಟ ತಪ್ಪಿಹೋಗ್ತಿತ್ತು, ಅದಕ್ಕೇ ಕೈಗೆ ಸಿಕ್ಕಿದ್ದು ಕಿತ್ತೆ. ನೋಯ್ತಿರೋದು ಪಕ್ಕದ್ದಿರಬೇಕು.”

ನೋವೇ ಇರಲಿಲ್ಲ ಎನ್ನಲು ಗುಮಾಸ್ತ ಬಾಯಿ ತೆರೆದ. ಮರಗಟ್ಟಿದ ನಾಲಿಗೆಯಿಂದ “ಓ... ಏ...” ಎಂದಷ್ಟೇ ಹೊರಟಿತು.

“ಪಾಪ, ಇನ್ನೂ ಅಷ್ಟೊಂದು ನೋವಿದೆಯಾ” ಎಂದು ವೈದ್ಯರು ಅವನ ಹೆಗಲ ಮೇಲೆ ಕೈಹಾಕಿದರು. “ಚಿತ್ರ ಇನ್ನೊಂದು ವಾರ ಓಡಿಸ್ತಾರಂತೆ, ಗೇಟಿನವನು ಹೇಳಿದ. ನಾಳೆ ಮಧ್ಯಾಹ್ನ ಬನ್ನಿ, ಅದನ್ನೂ ಕಿತ್ತು ಒಟ್ಟಿಗೇ ಬರೋಣ.”